ಅಕ್ಕನ ಪಾಲಿನ ಹಾಲು

ಗಡಹಿಂಗ್ಲಜ
೧೪ ನವೆಂಬರ್ ೨೦೨೪

ಬಾಳಕ್ಕಾ,

ಮುರಿದ ಕೈ ಹೇಗಿದೆ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ. ನಾನೇ ಕಲಿಸಿದ ಕನ್ನಡದಲ್ಲಿ ನಿನ್ನ ಮಗಳು ಮನಿಷಾ ಇದನ್ನು ನಿನಗೆ ಓದಿ ಹೇಳುತ್ತಾಳೆ.

ಮೊನ್ನೆ ಇಚಲಕರಂಜಿಯ ದವಾಖಾನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ನಾಲ್ಕು ಸಲ ಗೋಡೆ ಹಿಡಿದು ನಿಂತೆ. ಕೊಲ್ಹಾಪುರದ ಕುಸ್ತಿ ತಾಲೀಮಿನಲ್ಲಿ ದಿನಕ್ಕೆ ಸಾವಿರ ಬೈಠಕ್ ಹೊಡೆದ ಮೊಣಕಾಲು ಇವು. ಕುಸ್ತಿ ಬಿಟ್ಟು ಇಪ್ಪತ್ತೆರಡು ವರ್ಷ. ಪೈಲ್ವಾನನ ಮೈ ಹೋಯಿತು, ಹೊಟ್ಟೆ ಉಳಿಯಿತು. ನನ್ನ ಏದುಸಿರು ಕಂಡು ನೀನು ನಿನ್ನ ಪ್ಲಾಸ್ಟರು ಮರೆತೆ. ಮನಿಷಾ ನಿನಗೆಂದು ತಂದಿಟ್ಟಿದ್ದ ಹಾಲಿನ ಲೋಟವನ್ನು ಇನ್ನೊಂದು ಕೈಯಿಂದ ಚಾಚಿ, ತಗೋ ತಮ್ಮಾ, ದಮ್ಮ ಹತ್ತೇತಿ ನಿನಗ, ಕುಡಿ ಅಂದೆ. ಕುಡಿದೆ. ಮೀಸೆ ಒರೆಸಿಕೊಂಡ ಮೇಲೆ ಮನಿಷಾಳ ಮುಖ ನೋಡಿದೆ.

ಕೈ ತಾನಾಗಿ ಹೋಯಿತು ಅಕ್ಕಾ. ರೂಢಿ. ನನ್ನ ಕುಸ್ತಿಯ ದಿನಗಳಲ್ಲಿ ಮನೆಯ ಎಮ್ಮೆಯ ಹಾಲೆಲ್ಲ ನನಗೆ, ನನಗಾಗಿ ಬಾದಾಮಿ ಅರೆಯುವ ಕೆಲಸ ನಿನಗೆ. ಅರೆದ ಕಲ್ಲು ತೊಳೆದ ನೀರನ್ನು ನೀನು ಕುಡಿಯುವುದನ್ನು ಕಂಡಿದ್ದೇನೆ. ಊರು ಅದನ್ನು ಅಕ್ಕನ ಮಮತೆ ಎಂದಿತು. ಅದು ಲೂಟಿ. ನಿನ್ನ ಎಲುಬು ತಿಂದು ನಾನು ಕಣದಲ್ಲಿ ಬೆಳ್ಳಿಯ ಗದೆ ಗೆದ್ದೆ. ಮೂವತ್ತು ವರ್ಷ ಮಗ್ಗಕ್ಕೆ ನೂಲಿನ ಕಾಂಡಿ ಸುತ್ತಿದ ಕೈ ಬರೀ ಜಾರಿ ಬಿದ್ದರೆ ಮುರಿಯುತ್ತದೆಯೇ? ಎಲುಬು ಟೊಳ್ಳಾಗಿವೆ ಎಂದರಂತೆ ಡಾಕ್ಟರು. ಮಗ್ಗದ ಮಾಲಕರು ಕೂಲಿಕಾರರ ರಕ್ತ ಹೀರುತ್ತಾರೆಂದು ಮೋರ್ಚಾದಲ್ಲಿ ಗಂಟಲು ಹರಿದುಕೊಂಡವನು ನಾನು. ಮನೆಯೊಳಗೆ ಹೀರಿದವನ ಹೆಸರನ್ನು ಯಾವ ಫಲಕದ ಮೇಲೂ ಬರೆಯಲಿಲ್ಲ.

ಮನೆಗೆ ಬಂದು ನಿನ್ನ ಹಾಲು ಕುಡಿದದ್ದನ್ನು ಹೇಳಿದಾಗ ನನ್ನ ಮಗಳು ರುತುಜಾ, ಅಪ್ಪಾ, ಕುಸ್ತಿ ಬಿಟ್ಟ್ಯಾ, ಪೈಲ್ವಾನರ ಖುರಾಕ ಬಿಟ್ಟಿಲ್ಲ ನೋಡು ಅಂದಳು. ಮೊದಲಾಗಿದ್ದರೆ ಗದರುತ್ತಿದ್ದೆ. ಈಗ ನನ್ನ ಲೋಟ ನಾನೇ ತೊಳೆಯುತ್ತೇನೆ, ಎಲ್ಲರದೂ ಆದ ಮೇಲೆ ಉಣ್ಣುತ್ತೇನೆ. ನಿನ್ನೆ ಮತ್ತೆ ಹಾಲಿನ ಪಾತ್ರೆಯ ಕಡೆ ಕೈ ಹೋಯಿತು. ರುತುಜಾ ಕೆಮ್ಮಿದಳು.

ರವಿವಾರ ಗಾಡಿ ತರುತ್ತೇನೆ. ಕೈ ಕೂಡುವವರೆಗೆ ನಮ್ಮಲ್ಲಿರು. ಹಾಲು ನಾನು ಕಾಸುತ್ತೇನೆ. ನೀನು ಲೋಟ ಚಾಚಿದರೆ ಬೇಡ ಅನ್ನಲು ನನಗೆ ಇನ್ನಾದರೂ ಬರುತ್ತದೋ ಇಲ್ಲವೋ. ನೀನೂ ಒಂದು ರೂಢಿ ಬಿಡು: ಚಾಚಬೇಡ.

ನಿನ್ನ ತಮ್ಮ,
ಅಲ್ಲಪ್ಪ

ತಾ.ಕ.: ರೂಢಿ ಎಂದು ಬರೆದದ್ದು ಸುಳ್ಳು. ಅಂದು ಬಾಗಿಲಲ್ಲೇ ನರ್ಸಬಾಯಿ ನನ್ನನ್ನು ತಡೆದು, ನಿನ್ನೆಯಿಂದ ಇವರು ಏನೂ ತಿಂದಿಲ್ಲ, ಆ ಹಾಲಾದರೂ ಕುಡಿಸಿರಿ ಎಂದಿದ್ದಳು. ಗೊತ್ತಿದ್ದೇ ಕುಡಿದೆ. ಮನಿಷಾ, ಇದನ್ನು ನುಂಗಬೇಡ. ಅವ್ವನಿಗೆ ಕೇಳುವಂತೆ ಗಟ್ಟಿಯಾಗಿ ಓದು.