ಬೆವರು ಹಚ್ಚಿದ ರೊಟ್ಟಿ

ಮೆಹಕರ, ತಾಲೂಕು ಭಾಲ್ಕಿ
೨ ಜನವರಿ ೧೯೪೯, ಎಳ್ಳಮಾವಾಸ್ಯೆ ಮುಗಿದ ಭಾನುವಾರ

ಮನೆಯ ಯಜಮಾನರ ಪಾದಗಳಿಗೆ ಸಖುಬಾಯಿಯ ನಮಸ್ಕಾರ.

ನಿಮ್ಮ ಮೈ ಹೇಗಿದೆ? ಚಳಿಗೆ ಮೊಣಕಾಲು ಹಿಡಿಯುತ್ತಿರಬೇಕು, ಕಾವಲಿಗೆ ನಿಲ್ಲುವಾಗ ಕಂಬಳಿ ಹೊದ್ದುಕೊಳ್ಳಿ. ಬಾರ್ಶಿಯ ನೀರು ನಿಮಗೆ ಒಗ್ಗಿತೋ ಇಲ್ಲವೋ ಎಂದು ಅತ್ತೆ ದಿನಾ ಕೇಳುತ್ತಾರೆ, ನನಗೇನು ಗೊತ್ತು ಎನ್ನುತ್ತೇನೆ. ಅತ್ತೆ ಗಟ್ಟಿಯಾಗಿದ್ದಾರೆ. ಕುರಿಗಳು ಚೆನ್ನಾಗಿವೆ. ನಾನೂ ಇದ್ದೇನೆ. ನೀವು ಕೇಳಲಿಲ್ಲ, ಆದರೂ ಬರೆದೆ.

ನಿಮ್ಮ ಪತ್ರ ಬಂತು. ತವರಿನ ಮಠದಲ್ಲಿ ಅಯ್ಯನವರು ನನಗೆ ನಾಲ್ಕು ಅಕ್ಷರ ಕಲಿಸಿದ್ದು ಇದಕ್ಕೇನು, ಗಂಡ ನಾಯಿಗೆ ಬರೆದ ಪತ್ರ ಓದುವುದಕ್ಕೆ? ಮೊದಲಿನಿಂದ ಕಡೆಯವರೆಗೆ ಜಮಾದಾರ, ಜಮಾದಾರ! ಅವನ ಕಿವಿಯೊಳಗೆ ಉಣ್ಣಿ ಇದೆಯೇ ನೋಡು, ಬೇವಿನೆಣ್ಣೆ ಹಚ್ಚು. ಓಡಿ ಬಂದ ಕೂಡಲೆ ನೀರು ಕುಡಿಸಬೇಡ, ಏದುಸಿರು ಇಳಿಯಲಿ. ನುಚ್ಚಿಗೆ ಮಜ್ಜಿಗೆ ಹಾಕು, ಖಾರ ತಗಲಿಸಬೇಡ. ಅವನದು ತೆಳು ಚರ್ಮ, ಚಳಿಗೆ ಹೊಟ್ಟೆಗೆ ಗೋಣಿತಟ್ಟು ಕಟ್ಟು. ಕಡೆಗೆ ಕಾಗದದ ಮೂಲೆಯಲ್ಲಿ ‘ನೀನೂ ಆರಾಮ ಇರು’. ಆ ‘ನೂ’ವನ್ನು ಮೂರು ಸಲ ಓದಿದೆ. ನೀವು ಹೇಳಿದ್ದೆಲ್ಲ ಮಾಡಿದ್ದೇನೆ ಮಹಾರಾಯರೇ. ಗೋಣಿತಟ್ಟನ್ನು ಹರಿದು ಹಾಕಿತು, ಅದಕ್ಕೇ ನನ್ನ ಹಳೆಯ ಸೀರೆ ಕಟ್ಟಿದ್ದೇನೆ. ಈಗ ನಿಮ್ಮ ನಾಯಿ ಊರಲ್ಲಿ ಸೀರೆ ಉಟ್ಟು ತಿರುಗುತ್ತದೆ. ನೀವು ‘ಅವನು’ ಎನ್ನುತ್ತೀರಿ. ನಾನು ‘ಅದು’ ಎಂದೇ ಬರೆಯುವವಳು.

ಅದರ ಗುಣ ನನಗೆ ಹೇಳಿಕೊಡಬೇಕೇ? ಔರಾದದ ಮಹಮ್ಮದ ಇಸ್ಮಾಯಿಲ ಸಾಹೇಬರ ಬೇಟೆನಾಯಿ ಅದರ ತಾಯಿ, ನಮ್ಮ ಕುರಿಹಟ್ಟಿಯ ಕೆಂದು ಬಣ್ಣದ ನಾಯಿ ಅದರ ಅಪ್ಪ. (ಸಾಹೇಬರ ಮನೆಗೆ ಈಗ ಬೀಗ ಬಿದ್ದಿದೆ. ಎಲ್ಲಿ ಹೋದರೆಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.) ಉದ್ದ ಕಾಲು, ಸಣ್ಣ ಸೊಂಟ ತಾಯಿಯವು, ಸುರುಳಿ ಬಾಲ ಮತ್ತು ಹಟ ಅಪ್ಪನವು. ಮೊಲ ಕಂಡರೆ ಬೆನ್ನು ಹತ್ತುತ್ತದೆ, ಅರ್ಧ ದಾರಿಗೆ ಕುರಿಗಳ ನೆನಪಾಗಿ ತಿರುಗಿ ಬರುತ್ತದೆ. ಅರ್ಧ ದಾರಿಗಾದರೂ ಮನೆಯ ನೆನಪಾಗುವ ಗುಣ ನಾಯಿಗಿದೆ, ನೋಡಿ.

ಅದು ಮರಿಯಾಗಿದ್ದಾಗ ನೀವು ರೊಟ್ಟಿಯ ತುಂಡನ್ನು ಬಗಲಲ್ಲಿ ಒತ್ತಿ, ಬೆವರು ಹಚ್ಚಿ ತಿನ್ನಿಸಿದಿರಿ. ಒಡೆಯನ ಬೆವರು ತಿಂದ ನಾಯಿ ಬೇರೆಯವರ ಕೈತುತ್ತು ಮುಟ್ಟುವುದಿಲ್ಲ ಎಂದು ಕುರಿ ಕಾಯುವವರ ನಂಬಿಕೆ. ನಾನಾಗ ಹೊಸ ಮದುಮಗಳು. ‘ನನಗೂ ಹಿಂಗ ತಿನ್ನಸ್ತೀರೇನ್ರಿ?’ ಎಂದು ನಕ್ಕಿದ್ದೆ. ‘ನಿನಗ್ಯಾಕ ಬೇಕು, ತಾಳಿ ಕಟ್ಟೀನಲ್ಲ’ ಅಂದಿದ್ದಿರಿ.

ಹೋಳಿಯ ಹೊತ್ತಿಗೆ ರಜಾಕಾರರ ಹೆದರಿಕೆಗೆ ನೀವು ಗಡಿ ದಾಟಿ ಬಾರ್ಶಿಯಲ್ಲಿ ಊರು ಬಿಟ್ಟವರ ಛಾವಣಿ ಸೇರಿದಾಗ ಅದು ಉಪವಾಸ ಬಿತ್ತು. ನಾನೂ ಉಣ್ಣಲಿಲ್ಲ, ಅದನ್ನು ನಿಮಗೆ ಯಾರೂ ಬರೆಯಲಿಲ್ಲ. ನೀವು ಬಿಟ್ಟುಹೋದ ರುಮಾಲು ನನ್ನ ತಲೆದಿಂಬಿನ ಕೆಳಗಿತ್ತು. ಅತ್ತೆ, ‘ನಾಯಿ ಸಾಯ್ತದ, ಆ ರುಮಾಲ ಅದಕ್ಕ ಕೊಡವ್ವಾ’ ಅಂದರು. ಹರಿದು ಅರ್ಧ ಕೊಟ್ಟೆ. ಅದರ ಮೇಲೆ ಮೂಗಿಟ್ಟು ಮಲಗಿತು, ಮರುದಿನ ನೆಲದ ಮೇಲಿಟ್ಟ ನುಚ್ಚು ತಿಂದಿತು. ನನ್ನ ಕೈಯಿಂದ ಮಾತ್ರ ಇಲ್ಲ. ಕದ್ದು ನನ್ನ ಬೆವರನ್ನೂ ರೊಟ್ಟಿಗೆ ಹಚ್ಚಿ ಕೊಟ್ಟು ನೋಡಿದೆ. ಮೂಸಿ, ಮುಖ ತಿರುಗಿಸಿತು. ಸವತಿಯೂ ಇಷ್ಟು ಸೊಕ್ಕು ಮಾಡಲಿಕ್ಕಿಲ್ಲ! ಸಂಜೆಯಾದರೆ ಭಾಲ್ಕಿ ದಾರಿಯ ಬೇವಿನಮರದ ಕೆಳಗೆ ಕೂತು ನಿಮ್ಮ ದಾರಿ ಕಾಯುವುದು. ‘ಮಡೆಪ್ಪನ ನಾಯಿ ನಿಷ್ಠಿ ನೋಡ್ರೆವ್ವಾ’ ಎಂದು ಊರೆಲ್ಲ ಹೊಗಳಿತು. ಮಡೆಪ್ಪನ ಹೆಂಡತಿಯ ನಿಷ್ಠೆಯನ್ನು ಒಬ್ಬರೂ ಹೊಗಳಲಿಲ್ಲ. ನಾನು ಒಲೆಯ ಮುಂದೆ ಕೂತು ಕಾದೆ, ಅದು ಯಾರಿಗೆ ಕಾಣಬೇಕು?

ಮಿಲ್ಟ್ರಿ ಬಂತು, ರಜಾಕಾರರ ಕಾಟ ಮುಗಿಯಿತು. ದಸರೆಗೆ ನಿಮ್ಮ ಚಿಕ್ಕಪ್ಪನ ಮಗ ಪಂಢರಿ ಬಂದ, ಛಾವಣಿಯ ಎಲ್ಲರೂ ಬಂದರು. ನೀವು ಮಾತ್ರ ಬಾರ್ಶಿಯಲ್ಲಿ ಹತ್ತಿ ಬಿಡಿಸುವ ಜಿನ್ನಿನ ಕಾವಲು ಹಿಡಿದು ಕೂತಿರಿ. ‘ಅಣ್ಣಾ ಆರಾಮ ಅದಾನ್ರಿ ವೈನಿ, ಕೌಸಲ್ಯಾಬಾಯಿ ಖಾನಾವಳ್ಯಾಗ ಉಣತಾನ. ಆಕಿ ರೊಟ್ಟಿ ಅಂದ್ರ ಹೂವು!’ ಅಂದ ಪಂಢರಿ. ಹೂವಂತೆ! ನೀವೂ ನಾಯಿಯ ನುಚ್ಚಿನ ಮಾತಿನ ನಡುವೆ ಆಕೆಯ ರೊಟ್ಟಿ ಮೆತ್ತಗಿರುತ್ತದೆ ಎಂದು ಬರೆದಿದ್ದೀರಿ. ನನ್ನ ರೊಟ್ಟಿ ಯಾವತ್ತು ಗಟ್ಟಿಯಾಗಿತ್ತು? ಆಕೆಗೆ ಗಂಡ ಇದ್ದಾನೇನು ಎಂದು ಪಂಢರಿಯನ್ನು ಕೇಳಿದೆ. ಕೆಮ್ಮಿ, ಕುರಿಗಳ ಲೆಕ್ಕ ಕೇಳತೊಡಗಿದ. ನನಗೆ ಹೊಟ್ಟೆಕಿಚ್ಚಿದೆ, ಹೌದು. ನಾಯಿಯ ಮೇಲೂ ಇದೆ, ಆಕೆಯ ಮೇಲೂ ಇದೆ. ಮುಚ್ಚಿಡುವುದೇನು?

ಅತ್ತೆ ಆಶೀರ್ವಾದ ಹೇಳಿದ್ದಾರೆ. ಖಾನಾಪುರದ ಮಲ್ಲಣ್ಣ ದೇವರು ನಿಮ್ಮನ್ನು ಕಾಯಲಿ. ಅವನಿಗೂ ನಾಯಿ ಇದೆ, ಇಬ್ಬರು ಹೆಂಡಿರೂ ಇದ್ದಾರೆ. ನೀವು ಅಷ್ಟು ದೊಡ್ಡವರಾಗುವುದು ಬೇಡ.

ನಿಮ್ಮ ಮನೆ ಕಾಯುವವಳು,
ಸಖುಬಾಯಿ

ತಾಜಾ ಕಲಂ: ಪಂಢರಿ ಟಪಾಲಿಗೆ ಒಯ್ಯಲು ಅಂಗಳದಲ್ಲಿ ನಿಂತು ‘ಲಗೂ ಮಾಡ್ರಿ ವೈನಿ’ ಎನ್ನುತ್ತಿದ್ದಾನೆ. ಒಂದು ಮಾತು ಬರೆಯದೆ ಬಿಟ್ಟಿದ್ದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ ಊಟಕ್ಕೆ ಕೂತಾಗ ಜಮಾದಾರ ಬಂದು ನನ್ನ ಕೈಯಲ್ಲಿದ್ದ ಸಜ್ಜೆರೊಟ್ಟಿಯನ್ನು ತಾನಾಗಿ ತಿಂದ. ಬೆವರು ಹಚ್ಚಿರಲಿಲ್ಲ. ಆವತ್ತಿನಿಂದ ಬೇವಿನಮರದ ಕಡೆಗೆ ಹೋಗಿಲ್ಲ, ನನ್ನ ಕಾಲ ಬಳಿ ಮಲಗುತ್ತಾನೆ. ಇಷ್ಟು ದಿನ ಇದನ್ನೇ ಬೇಡಿದವಳು ನಾನು. ಅವನು ತಿಂದದ್ದು ನೋಡಿ ಹೊಲದಲ್ಲೇ ಅತ್ತುಬಿಟ್ಟೆ. ನಿಮ್ಮ ಬೆವರು ತಿಂದು ಬೆಳೆದವನೇ ಅನ್ನ ಹಾಕಿದ ಕೈಗೆ ತಿರುಗಿದ. ನೀವು ಇಷ್ಟು ತಿಂಗಳಿಂದ ಆಕೆಯ ರೊಟ್ಟಿ ತಿನ್ನುತ್ತಿದ್ದೀರಿ. ನನಗೆ ಹೆದರಿಕೆಯಾಗುತ್ತದೆ. ನಾಯಿಯ ಬಗ್ಗೆ ಇನ್ನೇನೂ ಬರೆಯಬೇಡಿ, ಬಂದುಬಿಡಿ. ಬೇವಿನಮರದ ಕೆಳಗೆ ಸಂಜೆಗೆ ಈಗ ನಾನು ಕೂರುತ್ತಿದ್ದೇನೆ.