ನಾಲಿಗೆ ಕಾಯುವ ಗಂಟೆ

ಜೆರುಸಲೇಮ್,
ಎಲುಲ್ ಮಾಸದ ಹನ್ನೊಂದನೇ ದಿನ

ನನ್ನ ತಿರ್ಜಾ,

ನೀನೂ ಮಗುವೂ ಆ ಆಶ್ರಯಧಾಮದಲ್ಲಿ ಸೌಖ್ಯವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನನ್ನ ಫೋನ್ ನೀನು ಎತ್ತುವುದಿಲ್ಲ, ಅದು ನ್ಯಾಯವೇ. ಇದು ಕ್ಷಮೆ ಕೇಳುವ ತಿಂಗಳು. ಮನುಷ್ಯರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುವುದಿಲ್ಲ, ಆ ಮನುಷ್ಯರೇ ಮನ್ನಿಸಬೇಕು ಎಂದು ಮೂವತ್ತು ವರ್ಷ ತಾಯಂದಿರಿಗೆ ಪಾಠ ಹೇಳಿದವಳು ನಾನು.

ನಾಲ್ಕು ವರ್ಷದ ಹಿಂದಿನ ಆ ಶುಕ್ರವಾರ ನಿನಗೂ ನೆನಪಿರಬೇಕು. ನಮ್ಮ ಬೀದಿಯ ಹೆಂಗಸರು ದಿನದ ಗಂಟೆಗಳನ್ನು ಹಂಚಿಕೊಂಡಿದ್ದೆವು. ತಂತಮ್ಮ ಗಂಟೆಯಲ್ಲಿ ಯಾರ ಬಗ್ಗೆಯೂ ಕೆಟ್ಟದ್ದನ್ನು ಆಡಬಾರದು, ಕೇಳಬಾರದು. ಆ ಪುಣ್ಯ ಕಾಯಿಲೆ ಬಿದ್ದಿದ್ದ ನೆರೆಯಾಕೆಗೆ ಸೇರಿ ಗುಣವಾಗಲೆಂದು ಈ ವ್ರತ. ಹನ್ನೊಂದರಿಂದ ಹನ್ನೆರಡು ನನ್ನದು. ವಾರದ ವಿರಾಮದಿನವಾದ ಶಬ್ಬಾತಿನ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಾಗ ನಿನ್ನ ಫೋನ್ ಬಂತು.

“ಅಮ್ಮಾ, ನಹ್ಮಾನ್ ನಿನ್ನೆ ನನ್ನನ್ನ…” ಎಂದೆ ನೀನು.

“ಗಂಡನ ಮೇಲೆ ದೂರು ತರಬೇಡ ತಿರ್ಜಾ, ಇದು ನನ್ನ ಗಂಟೆ. ಏನಾದ್ರೂ ಒಳ್ಳೆ ಮಾತಿದ್ರೆ ಹೇಳು,” ಎಂದೆ ನಾನು.

“ಒಳ್ಳೆ ಮಾತಾ? ಮಗೂಗೆ ಹಲ್ಲು ಬಂತು,” ಎಂದು ನೀನು ಫೋನ್ ಇಟ್ಟೆ. ಆಮೇಲೆ ನಾಲ್ಕು ವರ್ಷ ನನಗೆ ಒಳ್ಳೆಯ ಮಾತುಗಳನ್ನಷ್ಟೇ ಹೇಳಿದೆ. ಮಗಳು ಸಂಸಾರಕ್ಕೆ ಪಳಗಿದಳೆಂದು ನಾನು ಹಿಗ್ಗಿದೆ.

ಅಪಾಯದಲ್ಲಿರುವವರ ಮಾತನ್ನು ಕೇಳಲೇಬೇಕು, ಕೇಳದಿರುವುದೇ ಪಾಪ ಎಂದು, ನಾಲಿಗೆ ಕಾಯಿರೆನ್ನುವ ಅದೇ ಧರ್ಮಶಾಸ್ತ್ರ ಹೇಳುತ್ತದೆ. ನಾವು ಹಂಚುವ ಕರಪತ್ರಗಳಲ್ಲಿ ಆ ಭಾಗ ಇರುವುದಿಲ್ಲ. ನನಗಾದರೋ ಅದು ಬಾಯಿಪಾಠ. ಎಂಬತ್ತೆರಡನೇ ಇಸವಿಯಲ್ಲಿ ಮೇಲಿನ ಮನೆಯ ಬ್ರೂರಿಯಾ ಒಡೆದ ತುಟಿಯಲ್ಲಿ ಮೆಟ್ಟಿಲಿಳಿದು ಬಂದಾಗ, ಮನೆಯ ಶಾಂತಿ ಕೆಡಬಾರದೆಂದು ನಾವೆಲ್ಲ ಕಣ್ಣು ತಗ್ಗಿಸಿದ್ದೆವು. ಅದನ್ನು ನಾನು ಮರೆತಿಲ್ಲ. ಆದರೂ ಕಲಿಯಲಿಲ್ಲ.

ಕಳೆದ ವಾರ ನಮ್ಮ ಧರ್ಮ ನ್ಯಾಯಾಲಯದಲ್ಲಿ, ವಿಚ್ಛೇದನ ಪತ್ರ ಕೊಡಲೊಲ್ಲದ ನಹ್ಮಾನನ ಎದುರಿಗೇ, ಇವನ ಮೇಲೆ ಹಿಂದೆ ಯಾರಿಗಾದರೂ ದೂರು ಹೇಳಿದ್ದೆಯಾ ಎಂದು ನ್ಯಾಯಾಧೀಶರು ನಿನ್ನನ್ನು ಕೇಳಿದರು. “ಅಮ್ಮಂಗೆ ಒಂದ್ಸಲ ಹೇಳೋಕೆ ಹೋಗಿದ್ದೆ,” ಎಂದೆ ನೀನು. ಅವರು ನನ್ನತ್ತ ತಿರುಗಿದಾಗ, ಮಗಳು ನನಗೆ ಏನೂ ಹೇಳಿಲ್ಲ ಎಂದುಬಿಟ್ಟೆ. ಅಕ್ಷರಶಃ ನಿಜ: ಹೇಳಲು ನಾನು ಬಿಟ್ಟಿರಲಿಲ್ಲ. ನಹ್ಮಾನನ ಮುಖ ಸಡಿಲಗೊಂಡದ್ದನ್ನು ಕಂಡೆ. ನಿನ್ನ ಮುಖ ನೋಡುವ ಧೈರ್ಯ ಬರಲಿಲ್ಲ.

ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಇಂದು ನ್ಯಾಯಾಧೀಶರಿಗೆ ಬರೆದು ಕಳಿಸಿದ್ದೇನೆ. ಮಂಗಳವಾರದ ವಿಚಾರಣೆಯಲ್ಲಿ ಎಲ್ಲರೆದುರು ನಿಂತು ಹೇಳುತ್ತೇನೆ. ಮೂರು ಸಲ ಕ್ಷಮೆ ಕೇಳಿಯೂ ಸಿಗದಿದ್ದರೆ ಕೇಳಿದವರ ಹೊಣೆ ತೀರಿತು ಎಂಬ ನಿಯಮವಿದೆ. ನನಗೆ ಆ ರಿಯಾಯಿತಿ ಬೇಡ.

ನಿನ್ನನ್ನು ಕೇಳಿಸಿಕೊಳ್ಳದ ತಾಯಿ,
ಶಿಫ್ರಾ

ತಾ.ಕ.: ಮಂಗಳವಾರ ಬೇರೆಯವರ ಮುಂದೆ ಹೇಳುವುದಕ್ಕಿಂತ ಮೊದಲು ನೀನು ತಿಳಿಯಬೇಕು. ಅಂದು ನೀನು ಫೋನ್ ಮಾಡಿದಾಗ ಹನ್ನೆರಡೂಕಾಲು. ಗಡಿಯಾರ ನನ್ನ ಕಣ್ಣೆದುರಿಗೇ ಇತ್ತು. ನನ್ನ ಗಂಟೆ ಮುಗಿದಿತ್ತು, ತಿರ್ಜಾ. ನೀನು ಏನು ಹೇಳಲಿದ್ದೆಯೆಂದು ನನಗೆ ಗೊತ್ತಾಗಿತ್ತು.