ಮಾಸೂರಿನ ಕತ್ತಲೆ, ಹತ್ತಿಮತ್ತೂರಿನ ದೀಪ

ಹತ್ತಿಮತ್ತೂರು, ತಾ. ಸವಣೂರು
11 ಡಿಸೆಂಬರ್ 2025, ಗುರುವಾರ

ಪ್ರೀತಿಯ ಮೊಮ್ಮಗಳು ಶ್ವೇತಾಳಿಗೆ,

ನಿನ್ನ ಅಜ್ಜ ಚನ್ನವೀರಪ್ಪ ಮನಸಾರೆ ಹರಸಿ ಬರೆಯುವುದು. ಆರಾಮ ಇದ್ದೀಯಾ? ಮಾಸೂರಿನಲ್ಲಿ ಮದಗದ ಕೆರೆಯ ಮೇಲಿನ ಗಾಳಿ ಈಗ ಬಲು ತಣ್ಣಗಿರುತ್ತದೆ. ಹೊತ್ತು ಮುಳುಗಿದ ಮೇಲೆ ಮಾಳಿಗೆಯ ಮೇಲೆ ಯಂತ್ರ ಇಟ್ಟುಕೊಂಡು ಕೂಡುವವಳು ಕಿವಿಗೆ ಸ್ಕಾರ್ಫು ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ನಿನಗೆ ಒಮ್ಮೆ ನೆಗಡಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ ಎಂಬುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು, ಆ ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೋ ನಾನರಿಯೆ. ಊಟ ಸರಿಯಾಗಿ ಆಗುತ್ತಿದೆಯೇ? ಅಲ್ಲಿ ನೀರಾವರಿ ಭೂಮಿ, ಅನ್ನದ ಊಟವೇ ಹೆಚ್ಚು. ಬಿಳಿಜೋಳದ ರೊಟ್ಟಿ ಬೇಕೆನಿಸಿದರೆ ಸಂಕೋಚ ಮಾಡದೆ ಹೇಳಿ ಕಳಿಸು. ನನ್ನಾಕೆ, ನಿನ್ನ ಆಯಿ ಫಕ್ಕೀರವ್ವನ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿದೆ. ನಿನ್ನ ಅಪ್ಪ ಬಸವೇಶ ಹೋದ ರವಿವಾರ ಹಾನಗಲ್ಲಿನಿಂದ ಬಂದು ಹೋದ. ನನ್ನ ಬಿ.ಪಿ. ಸ್ವಲ್ಪ ಏರಿದೆ. ಡಾಕ್ಟರು ಉಪ್ಪು ಕಡಿಮೆ ಮಾಡಿರಿ ಎಂದರು. ಕಾರಣ ಉಪ್ಪಲ್ಲ, ಮಾಸೂರು ಎಂದು ನಿನ್ನ ಆಯಿ ಅವರ ಎದುರಿಗೇ ಹೇಳಿಬಿಟ್ಟಳು.

ಫೋನು ಇರುವಾಗ ಅಜ್ಜ ಪತ್ರ ಯಾಕೆ ಬರೆದ ಎಂದು ನಗಬೇಡ. ಫೋನು ಮಾಡಿದರೆ ನೀನು ಸ್ಪೀಕರ್ ಹಾಕಿ ನಿನ್ನ ಕೆಲಸದಲ್ಲಿ ಇರುತ್ತೀ. ನನ್ನ ಮಾತಿಗೆಲ್ಲ ಆ ಕಡೆಯಿಂದ ಹೂವಪ್ಪನವರೇ ಹೂಂಗುಟ್ಟುತ್ತಾರೆ. ನಾನು ಮಾತಾಡಬೇಕಾದದ್ದು ನನ್ನ ಮಗನ ಮಗಳ ಜೊತೆ, ಸೊಸೆಯ ಅಪ್ಪನ ಜೊತೆ ಅಲ್ಲ. ಪತ್ರವನ್ನೂ ಅವರೇ ಒಡೆದು ಓದಿಯಾರು ಎಂಬ ಗುಮಾನಿ ನನಗಿದೆ. ಬೀಗರೇ, ಇಲ್ಲಿಯವರೆಗೆ ಓದಿದ್ದರೆ ಸಾಕು, ಇನ್ನು ಶ್ವೇತಾಳ ಕೈಗೆ ಕೊಡಿರಿ.

ಮುಂದಿನ ವಾರ ಎಳ್ಳಮವಾಸ್ಯೆ. ಈ ಸಲ ಬರುವುದಿಲ್ಲ ಎಂದು ನೀನು ಹೇಳಿದಾಗಿನಿಂದ ನನಗೆ ಊಟ ರುಚಿಸುತ್ತಿಲ್ಲ. ನಡೆಯಲು ಕಲಿತ ವರ್ಷದಿಂದ ನೀನು ಚರಗ ಚೆಲ್ಲುವಾಗ ನನ್ನ ಹಿಂದೆ ಬರುತ್ತಿದ್ದೆ. ನಾನು ಜೋಳದ ಹೊಲದ ನಾಲ್ಕೂ ಬದುವಿಗೆ ಎಡೆ ಚೆಲ್ಲುತ್ತ ಕೂಗು ಹಾಕಿದರೆ ನೀನು ಹಿಂದಿನಿಂದ ನನಗಿಂತ ದೊಡ್ಡದಾಗಿ ಕೂಗುತ್ತಿದ್ದೆ. ಧಾರವಾಡದಲ್ಲಿ ಎಂ.ಎ. ಓದುವಾಗಲೂ ತಪ್ಪಿಸಲಿಲ್ಲ. ಈಗ ಮಾತ್ರ, "ಅಜ್ಜಾ, ಅಮಾಸಿ ದಿನ ಕತ್ತಲಿ ಭಾಳ ಚಲೋ ಇರ್ತೈತಿ, ಯಂತ್ರ ಬಿಟ್ಟು ಬರಾಕ ಆಗೂದಿಲ್ಲ" ಎಂದೆ. ಕತ್ತಲೆ ಚೆನ್ನಾಗಿರುತ್ತದೆ ಎಂಬ ಮಾತನ್ನು ನನ್ನ ಆಯುಷ್ಯದಲ್ಲಿ ಕೇಳಿದ್ದು ಅದೇ ಮೊದಲು. ನಮ್ಮ ಊರಿನ ಹಬ್ಬಕ್ಕಿಂತ ಮಾಸೂರಿನ ಕತ್ತಲೆ ಹೆಚ್ಚಾಯಿತು ಎಂದು ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ. ಮುಚ್ಚಿಟ್ಟು ಬರೆಯುವ ವಯಸ್ಸು ನನ್ನದಲ್ಲ.

ಇದೆಲ್ಲ ಸುರುವಾದದ್ದು ಹೋದ ವರ್ಷದ ದೀಪಾವಳಿಗೆ ನೀನು ತಂದು ತೋರಿಸಿದ ಆ ಚಿತ್ರದಿಂದ. ಉಪಗ್ರಹದಿಂದ ತೆಗೆದ ನಮ್ಮ ಭಾಗದ ರಾತ್ರಿಯ ಚಿತ್ರ ಎಂದೆ. ಹುಬ್ಬಳ್ಳಿ-ಧಾರವಾಡ ಒಲೆಯ ಕೆಂಡದ ಹಾಗೆ ಇದ್ದವು. ಅಲ್ಲಿಂದ ಹೆದ್ದಾರಿಯ ಗುಂಟ ಶಿಗ್ಗಾವಿ, ಹಾವೇರಿ ಸಾಲಾಗಿ ಹೊಳೆಯುತ್ತಿದ್ದವು. ಸವಣೂರು, ಹಾನಗಲ್ಲು, ಹಿರೇಕೆರೂರು ಒಂದೊಂದು ಬೊಟ್ಟು. ಹತ್ತಿಮತ್ತೂರು ಎಲ್ಲಿದೆ ಎಂದು ಕೇಳಿದರೆ ನೀನು ಬರೀ ಕಪ್ಪು ಜಾಗದ ಮೇಲೆ ಬೆರಳಿಟ್ಟೆ. ಇಷ್ಟು ದೊಡ್ಡ ಊರು, ಮೇಲಿನವರ ಲೆಕ್ಕಕ್ಕೇ ಇಲ್ಲ. ಮಾಸೂರೂ ಕಾಣಲಿಲ್ಲ, ಅದೊಂದೇ ಸಮಾಧಾನ. ಊರು ಬೆಳೆದ ಹಾಗೆ ಬೆಳಕು ಹೇಗೆ ಹರಡುತ್ತದೆ, ಬೆಳಕು ಬಂದ ಮೇಲೆ ಜನ ಸಂಜೆ ಎಲ್ಲಿ ಕೂಡುತ್ತಾರೆ, ಆಕಾಶ ನೋಡುವುದನ್ನು ಎಷ್ಟು ಬಿಡುತ್ತಾರೆ, ಇದೆಲ್ಲ ಮಾನವ ಭೂಗೋಳದ ಅಭ್ಯಾಸ, ಇದರಲ್ಲೇ ಪಿಎಚ್.ಡಿ. ಮಾಡುತ್ತೇನೆ, ಅದಕ್ಕೆ ಒಂದು ಹಳ್ಳಿಯಲ್ಲಿ ವರ್ಷವಿಡೀ ಇರಬೇಕು ಎಂದೆ. ನನ್ನ ತಲೆಯಲ್ಲಿ ಉಳಿದದ್ದು ಎರಡೇ: ನೀನು ವರ್ಷವಿಡೀ ಒಂದು ಹಳ್ಳಿಯಲ್ಲಿ ಇರುತ್ತೀ, ಆ ಹಳ್ಳಿಯಲ್ಲಿ ಬೆಳಕು ನೋಡುತ್ತೀ.

ಆಮೇಲೆ ನಾನು ಪಟ್ಟ ಪಾಡು ನಿನಗೆ ಗೊತ್ತಿಲ್ಲ. ಪಂಚಾಯಿತಿ ಸದಸ್ಯ ಖಾದರಸಾಬನನ್ನು ಬೆನ್ನು ಹತ್ತಿದೆ. ಸವಣೂರಿನ ಕಚೇರಿಗೆ ಎಷ್ಟು ಸಲ ಅಲೆದೆನೋ, ಬಸ್ಸಿನ ಕಂಡಕ್ಟರು ನನ್ನನ್ನು ಕೇಳದೆಯೇ ಟಿಕೆಟ್ಟು ಹರಿಯುತ್ತಿದ್ದ. ಕೊನೆಗೆ ನಮ್ಮ ಮನೆಯ ಎದುರಿನ ಬಸ್‌ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಹೈಮಾಸ್ಟ್ ದೀಪದ ಕಂಬ ನಿಂತಿತು. ಕಾಯಿ ಒಡೆದವನು ನಾನೇ. ಸ್ವಿಚ್ಚು ಒತ್ತಿದಾಗ ಸಣ್ಣ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನು ಮೇಲೆ ನೋಡಿ, ತೆಗೀರಿ ಈಗ ಫೋಟೋ ಎಂದುಕೊಂಡೆ. ಮಾಸೂರಿಗೆ ಫೋನು ಮಾಡಿ ಬೀಗರಿಗೂ ಸುದ್ದಿ ಮುಟ್ಟಿಸಿದೆ. ಅವರು "ಚಲೋ ಆತ್ ಬಿಡ್ರಿ" ಎಂದಷ್ಟೇ ಹೇಳಿದರು. ಆ ಸಂಜೆ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ನೀನು ಬಂದೆ. ಅಂಗೈಯಗಲದ ಆ ಡಬ್ಬಿಯನ್ನು ನಮ್ಮ ಮಾಳಿಗೆಯ ಮೇಲೆ ಆಕಾಶಕ್ಕೆ ಮುಖ ಮಾಡಿ ಹಿಡಿದೆ. ಅದು ಕತ್ತಲೆಯನ್ನು ಅಳೆಯುವ ಯಂತ್ರ ಎಂದು ಆಗ ಗೊತ್ತಾಯಿತು. ನೀನು ನನ್ನ ಮುಖ ನೋಡಿದೆ, ಕಂಬ ನೋಡಿದೆ, ಮತ್ತೆ ನನ್ನ ಮುಖ ನೋಡಿ, "ಅಜ್ಜಾ, ದೀಪ ಚಲೋ ಐತಿ. ಆದ್ರ ನನಗ ಕತ್ತಲಿ ಬೇಕಾಗಿತ್ತು" ಎಂದೆ. ಮರುದಿನವೇ ನಿನ್ನ ಚೀಲ ಮಾಸೂರಿನ ದಾರಿ ಹಿಡಿಯಿತು. ಕೆರೆಯ ಕಡೆ ದೀಪವಿಲ್ಲ, ಬೀಗರ ಮಾಳಿಗೆಯಿಂದ ಆಕಾಶ ಅಂಚಿನಿಂದ ಅಂಚಿಗೆ ಕಾಣುತ್ತದೆ ಎಂದು ಅಲ್ಲಿ ಹೋಗಿ ಫೋನಿನಲ್ಲಿ ಹೇಳಿದೆ. ಹೂವಪ್ಪನವರು ಆ ಕತ್ತಲೆಗಾಗಿ ಏನು ಮಾಡಿದ್ದರು? ಯಾವ ಕಚೇರಿಗೆ ಅಲೆದಿದ್ದರು? ಏನೂ ಮಾಡದೆ ಕೂತವರ ಮನೆಗೆ ಮೊಮ್ಮಗಳು ನಡೆದು ಹೋದಳು, ಓಡಾಡಿದವನ ಮನೆಯಲ್ಲಿ ದೀಪ ಉಳಿಯಿತು.

ಇಷ್ಟಾದರೂ ನುಂಗಿಕೊಂಡೆ. ನುಂಗಲಾಗದ್ದು ಹೋದ ವಾರ ನೀನು ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೋ. ಬೀಗರು ಹೊಸ ಟವೆಲ್ಲು ಹೊದ್ದು ಕೈ ಎತ್ತಿ, "ಆ ಮೂರು ಚುಕ್ಕಿ ಸಾಲಾಗಿ ಅದಾವಲ್ಲ, ಅದಕ್ಕ ನಾವು ಕೂರಿಗಿ ಚುಕ್ಕಿ ಅಂತೇವಿ" ಎನ್ನುತ್ತಾರೆ. ಕೆಳಗೆ ನೀನು "ಹೇಳಿದವರು: ಹೂವಪ್ಪ, ಮಾಸೂರು" ಎಂದು ಬರೆದಿದ್ದೀ. ನಾವು ಅಂತೇವಿ! ಯಾರು ಆ ನಾವು? ಬಿತ್ತುವ ಕೂರಿಗಿಯ ಮೂರು ತಾಳುಗಳ ಹಾಗೆ ಇವೆ ಎಂದು ಆ ಹೆಸರನ್ನು ನನಗೆ ಹೇಳಿಕೊಟ್ಟವನು ನನ್ನ ಅಪ್ಪ. ಬೇಸಿಗೆ ಮುಗಿಯುವ ಹೊತ್ತಿಗೆ ಸಂಜೆಯ ಆಕಾಶದಲ್ಲಿ ಅದು ಇಳಿಯುತ್ತ ಇಳಿಯುತ್ತ ಕಾಣದಾದಾಗ ಅವನು ಅಟ್ಟದ ಮೇಲಿನ ನಮ್ಮ ಕೂರಿಗಿಯನ್ನು ಕೆಳಗಿಳಿಸಿ ತೊಳೆಯುತ್ತಿದ್ದ, ಬಿತ್ತನೆ ಬಂತು ಎಂದು. ಹೂವಪ್ಪನವರಿಗೆ ಇದನ್ನು ಹೇಳಿದವನು ನಾನು. ನಿನ್ನ ಅಪ್ಪ-ಅವ್ವನ ಮದುವೆಯಾಗಿ ಬೀಗರೂಟಕ್ಕೆ ಮಾಸೂರಿಗೆ ಹೋದ ದಿನ ಊಟವಾದ ಕೂಡಲೇ ಕರೆಂಟು ಹೋಯಿತು. ಸೆಕೆ ತಾಳದೆ ಇಬ್ಬರೂ ಅವರ ಮಾಳಿಗೆಯ ಮೇಲೆ ಒಂದೇ ಜಮಖಾನೆಯಲ್ಲಿ ಅಡ್ಡಾದೆವು. "ಅದು ಯಾವ ಚುಕ್ಕಿರಿ ಬೀಗರ?" ಎಂದು ಅವರು ಕೇಳಿದರು, ನಾನು ಹೇಳಿದೆ. ನಮ್ಮ ಮನೆಯ ಮೊಮ್ಮಗಳನ್ನು ಕರೆದುಕೊಂಡಿರಿ, ಆಗಲಿ. ನನ್ನ ಅಪ್ಪನ ಚುಕ್ಕಿಯನ್ನೂ ಇಟ್ಟುಕೊಳ್ಳುವುದೇ?

ಈಗ ಇನ್ನೊಂದು ಮಾತು ಕೇಳು. ಆ ವಿಡಿಯೋವನ್ನು ನಾನು ಮತ್ತೆ ಮತ್ತೆ ನೋಡಿದೆ. ಬೀಗರ ಕೈಯ ಹಿಂದೆ ಆಕಾಶ ಇನ್ನೂ ಕೆಂಪಗಿದೆ. ಎಂದರೆ ಅವರು ತೋರಿಸುತ್ತಿರುವುದು ಪಡುವಣ. ಮಾಗಿಯ ಚಳಿಯಲ್ಲಿ, ಹೊತ್ತು ಮುಳುಗಿದ ಕೂಡಲೇ, ಕೂರಿಗಿ ಚುಕ್ಕಿ ಪಡುವಣಕ್ಕೆ ಎಲ್ಲಿಂದ ಬರಬೇಕು? ಈಗ ಅದು ಮೂಡಣದಲ್ಲಿ ಏಳಬೇಕು, ಅದೂ ಊಟದ ಹೊತ್ತಿಗೆ. ಅವರು ತೋರಿಸಿದ್ದು ಬೇರೆ ಯಾವುದೋ ಮೂರು. ಮದುವೆ ನಡೆದದ್ದು ಯುಗಾದಿಯ ಆಚೆ, ಆಗ ಕೂರಿಗಿ ಸಂಜೆ ಪಡುವಣದಲ್ಲೇ ಇರುತ್ತದೆ. ಬೀಗರು ದಿಕ್ಕನ್ನು ನೆನಪಿಟ್ಟುಕೊಂಡರು, ಚುಕ್ಕಿಯನ್ನು ಕೈಬಿಟ್ಟರು. ಇದು ಹೊಳೆದಾಗ ನನಗಾದ ಖುಷಿ ಹೇಳಲಾರೆ. ನಿನ್ನ ಆಯಿಯನ್ನು ಕರೆದು ವಿಡಿಯೋ ತೋರಿಸಿ ವಿವರಿಸಿದೆ. ಅವಳು, "ಹಂಗಾರ ನೀವ ಒಮ್ಮೆ ನೋಡಿ ಖಾತ್ರಿ ಮಾಡ್ಕೊಳ್ರಿ" ಎಂದಳು.

ಮಾಳಿಗೆ ಹತ್ತಿದೆ. ನಮ್ಮ ಕಂಬ ನಿಂತಿರುವುದು ಮೂಡಣಕ್ಕೆ. ಕಣ್ಣಿಗೆ ಕೈ ಅಡ್ಡ ಹಿಡಿದರೂ ದೀಪದ ಸುತ್ತ ಮುತ್ತುವ ಹುಳಗಳ ಹೊರತು ಏನೂ ಕಾಣಲಿಲ್ಲ. ಮರುದಿನವೂ ಹತ್ತಿದೆ. ದೀಪ ಬಂದ ಮೇಲೆ ನಾನು ಒಮ್ಮೆಯೂ ಚುಕ್ಕಿ ನೋಡಿರಲಿಲ್ಲ ಎಂಬುದು ಆಗ ತಿಳಿಯಿತು. ಹೊಲದ ಕಡೆ ಹೋಗೋಣವೆಂದರೆ ಕತ್ತಲಲ್ಲಿ ಬದುವಿನ ಮೇಲೆ ನಡೆಯಲು ನಿನ್ನ ಆಯಿ ಬಿಡುವುದಿಲ್ಲ. ನೆಟ್ಟಗೆ ಖಾದರಸಾಬನ ಹತ್ತಿರ ಹೋಗಿ, ಸಂಜೆ ಹೊತ್ತು ದೀಪ ಆರಿಸುವ ವ್ಯವಸ್ಥೆ ಮಾಡು ಎಂದೆ. ಅವನು ನನ್ನನ್ನು ಹುಚ್ಚು ಹಿಡಿದವನ ಹಾಗೆ ನೋಡಿ, ಕೈ ಹಿಡಿದು ಸರ್ಕಲ್ಲಿಗೆ ಕರೆದುಕೊಂಡು ಬಂದ. ಹೇಳುತ್ತೇನೆ ಕೇಳು, ನಿನ್ನ ಅಭ್ಯಾಸಕ್ಕೂ ಬಂದೀತು. ಕಂಬದ ಬುಡದಲ್ಲಿ ಹುಲಗೂರಿನ ಕಡೆಯ ಮುಮ್ತಾಜಬೇಗಂ ಮಿರ್ಚಿ-ಗಿರ್ಮಿಟ್ಟಿನ ಬಂಡಿ ಇಟ್ಟಿದ್ದಾಳೆ. ಹೆಣ್ಣುಮಕ್ಕಳು ಶಟಲ್ ಆಡುತ್ತಾರೆ, ಮೊದಲು ಆ ಹೊತ್ತಿಗೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಓಣಿಯ ಹೆಂಗಸರು ಗೋಣಿಚೀಲ ಹಾಸಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ನಡುವೆ ನಿನ್ನ ಆಯಿ. ಮನೆಯಲ್ಲಿ ಮೊಣಕಾಲು ಎನ್ನುವವಳು ಅಲ್ಲಿ ಕಾಲು ಚಾಚಿ ನಗುತ್ತಿದ್ದಳು. ದೀಪ ಆರಿಸುವ ಮಾತನ್ನು ಖಾದರಸಾಬ ಅವರಿಗೆ ಹೇಳಿದ. ನಿನ್ನ ಆಯಿ ತಲೆ ಎತ್ತದೆ, "ನಿಮ್ಮ ಹೊಟ್ಟಿಕಿಚ್ಚಿಗೆ ಊರ ಕತ್ತಲ ಮಾಡ್ತೀರೇನು? ನಾವು ಎಲ್ಲಿ ಕುಂಡ್ರೂಣು?" ಎಂದಳು. ಖಾದರಸಾಬ ನನಗೊಂದು ಮಿರ್ಚಿ ಕೊಡಿಸಿ ಮನೆಗೆ ಕಳಿಸಿದ.

ಹೀಗೆ ನನ್ನ ದೀಪ ಈಗ ನನ್ನದಲ್ಲ, ಊರಿನದು. ಇದನ್ನು ನೋಡಲಾದರೂ ನೀನು ಬರಬೇಕಲ್ಲವೇ? ಬೆಳಕು ಬಂದ ಮೇಲೆ ಜನ ಎಲ್ಲಿ ಕೂಡುತ್ತಾರೆ ಎಂದು ಕೇಳಿದವಳು ನೀನೇ. ಕೂಡುವವರು ಇಲ್ಲಿದ್ದಾರೆ, ನೀನು ಬರೀ ಕತ್ತಲೆಯ ಹತ್ತಿರ ಕೂತಿದ್ದೀ. ಮಾಸೂರಿಗೆ ಒಂದು ವರ್ಷ ಕೊಟ್ಟರೆ ಹತ್ತಿಮತ್ತೂರಿಗೆ ಒಂದು ತಿಂಗಳಾದರೂ ಕೊಡು. ನಾನೇ ಅಲ್ಲಿಗೆ ಬರಬಹುದಲ್ಲ ಎಂದು ನಿನ್ನ ಅಪ್ಪ ನನಗೆ ಹೇಳಿದ. ನಮ್ಮ ಮನೆತನದ ರೀತಿ ಅವನಿಗೂ ಗೊತ್ತು. ಗಂಡಿನ ಕಡೆಯ ಹಿರಿಯರು ಬೀಗರ ಮನೆಗೆ ಎಲೆ-ಅಡಿಕೆ ಇಟ್ಟು ಕರೆಯದೆ ಹೋಗುವುದಿಲ್ಲ. ನನ್ನ ಅಪ್ಪ ಹೋಗಲಿಲ್ಲ, ನಾನೂ ಹೋದವನಲ್ಲ. ನೀನು ಅಲ್ಲಿಗೆ ಹೋದ ಮೇಲೆ ಹೂವಪ್ಪನವರು ಒಮ್ಮೆಯಾದರೂ ಕರೆದರೇ? ಫೋನಿನಲ್ಲಿ "ಬರ್ರಿ ಒಮ್ಮೆ ಈ ಕಡೆ" ಎಂದದ್ದು ಕರೆಯುವುದಲ್ಲ. ದಾರಿಯಲ್ಲಿ ಹೋಗುವವರಿಗೂ ಹಾಗೆ ಹೇಳುತ್ತಾರೆ.

ಸಾಕು, ಕೈ ನೋಯುತ್ತಿದೆ. ನಿನ್ನ ಮಾಸೂರಜ್ಜಿಗೆ ನಮ್ಮ ಶರಣು ಹೇಳು, ಆ ತಾಯಿಯ ಮೇಲೆ ನನ್ನದೇನೂ ತಕರಾರಿಲ್ಲ. ಬೀಗರಿಗೆ ಎಷ್ಟು ಬೇಕೋ ಅಷ್ಟು ಹೇಳು. ನಿನ್ನ ಓದು ಕೈಗೂಡಲಿ, ಮೇಲಿನಿಂದ ನೋಡುವವರ ಚಿತ್ರಗಳಲ್ಲಿ ನಮ್ಮಂಥವರ ಊರಿಗೂ ಒಂದು ಜಾಗ ನಿನ್ನಿಂದಾಗಲಿ.

ನಿನ್ನನ್ನೇ ನೆನೆಯುತ್ತಿರುವ,
ಹತ್ತಿಮತ್ತೂರಜ್ಜ,
ಚನ್ನವೀರಪ್ಪ

ತಾ.ಕ.: ಪಾಕೀಟು ಅಂಟಿಸುವ ಮುನ್ನ ಅವಸರದಲ್ಲಿ ಬರೆಯುತ್ತಿದ್ದೇನೆ. ಎಳ್ಳಮವಾಸ್ಯೆಯ ದಿನ ಬೆಳಿಗ್ಗೆ ಚರಗ ಚೆಲ್ಲಿ, ಮಧ್ಯಾಹ್ನದ ಬಸ್ಸಿಗೆ ಹಾವೇರಿಗೆ ಬಂದು, ಅಲ್ಲಿಂದ ಹಿರೇಕೆರೂರಿನ ಮೇಲೆ ಮಾಸೂರಿಗೆ ಬರುತ್ತೇನೆ. ಯಾರೂ ಕರೆದಿಲ್ಲ, ಆದರೂ ಬರುತ್ತೇನೆ. ಚರಗದ ಬುತ್ತಿ ನಿನಗೂ ಬೀಗರಿಗೂ ಸೇರಿಸಿ ಕಟ್ಟಲು ಹೇಳಿದ್ದೇನೆ. ಅಂಗಳದ ಬಲ್ಬು ಆರಿಸಿ, ಮಾಳಿಗೆಯ ಮೇಲೆ ಜಮಖಾನೆ ಹಾಸಿ ಇಡಲು ಹೂವಪ್ಪನವರಿಗೆ ಹೇಳು. ಚುಕ್ಕಿಯನ್ನು ಅವರಿಗೆ ಇನ್ನೊಮ್ಮೆ ತೋರಿಸುತ್ತೇನೆ, ಬೇಕಾದರೆ ಅವರ ಹೆಸರಿನಲ್ಲೇ ಬರೆದುಕೋ. ಆದರೆ ಮಗಳೇ, ಎಷ್ಟು ನೆನೆದರೂ ಈಗ ಅದು ನನ್ನ ಕಣ್ಣ ಮುಂದೆ ಬರುತ್ತಿಲ್ಲ. ಮೊದಲು ನನ್ನ ಕೈ ಹಿಡಿದು ಮಾಳಿಗೆ ಹತ್ತಿಸು, ನಾನು ಒಮ್ಮೆ ನೋಡಬೇಕು.